ಕೇಳದೆ ತೆಗೆದ ಫೋಟೊ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಏಳನೇ ತರಗತಿಯ ಇಬ್ಬರು ಹುಡುಗರು ತಮ್ಮದೇ ತರಗತಿಯ ಹುಡುಗಿಯೊಬ್ಬಳ ಫೋಟೊಗೆ ಮೀಸೆ ಬರೆದು ವಾಟ್ಸಾಪಿನಲ್ಲಿ ಹರಿಬಿಟ್ಟ ದಿನ ನಾನು ಕೂಗಾಡಿದ್ದು ಬಿಸಿಯೂಟದ ಕೋಣೆಯವರೆಗೂ ಕೇಳಿಸಿತ್ತಂತೆ. ಹೆಡ್‌ಮಾಸ್ಟರು ಕುರ್ಚಿಯಿಂದ ಏಳದೆಯೇ, ಹಾಗಾದರೆ ಮಕ್ಕಳಿಗೆ ಮೊಬೈಲಿನ ಬುದ್ಧಿ ಹೇಳುವ ಕೆಲಸ ನಿಮಗೇ ಇರಲಿ, ಶನಿವಾರ ಒಂದು ಪಿರಿಯಡ್ ತೆಗೆದುಕೊಳ್ಳಿ ಎಂದು ನನ್ನ ಕೊರಳಿಗೇ ಕಟ್ಟಿದರು.

ಕೊಟ್ಟೂರಿನಿಂದ ಬಸ್ಸು ಹಿಡಿದು ಕೂಡ್ಲಿಗಿ ರಸ್ತೆಯ ಆ ಹಳ್ಳಿಗೆ ನಾನು ಹೋಗಿಬರುತ್ತಿದ್ದೆ. ದಾರಿಯುದ್ದಕ್ಕೂ ಶನಿವಾರದ ಮಾತುಗಳನ್ನು ಮಸೆದುಕೊಳ್ಳುತ್ತಿದ್ದೆ. ಪಾಠ ಅಂದರೆ ಪಾಠವಲ್ಲ, ಬೈಗುಳ. ಗುರುತಿಲ್ಲದವರು ಮಾತಾಡಿಸಿದರೆ ಉತ್ತರ ಕೊಡಬೇಡಿ, ಪಾಸ್‌ವರ್ಡನ್ನು ಗೆಳೆಯರಿಗೂ ಹೇಳಬೇಡಿ, ಬಂದದ್ದನ್ನೆಲ್ಲ ಮುಂದಕ್ಕೆ ದೂಡಬೇಡಿ. ಇನ್ನೊಬ್ಬರ ಫೋಟೊ ಹಾಕುವ ಮೊದಲು ಅವರನ್ನು ಕೇಳಿ, ಬೇಡ ಅಂದರೆ ಬೇಡ. ಕೇಳದೆ ಹಾಕುವವರು ಕಳ್ಳರು ಎಂದು ನಲವತ್ತು ಮಕ್ಕಳಿಂದ ಜೋರಾಗಿ ಹೇಳಿಸಿದೆ. ಹುಡುಗರು ತಲೆ ತಗ್ಗಿಸಿ ಕೂತಿದ್ದರು. ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಅದೇ ತರಗತಿಯಲ್ಲಿ ಒಬ್ಬಳಿದ್ದಳು. ಎಲುಬು ಕಾಣುವ ಹುಡುಗಿ, ಮಾತು ಕಡಿಮೆ, ಕಣ್ಣು ಮಾತ್ರ ಚುರುಕು. ಶಾಲೆ ಶುರುವಾದಾಗ ಮನೆಯವರಿಂದ ಒಂದು ಚೀಟಿಗೆ ಸಹಿ ಹಾಕಿಸುತ್ತೇವೆ: ನಿಮ್ಮ ಮಗುವಿಗೆ ಮೊಟ್ಟೆಯೋ, ಬಾಳೆಹಣ್ಣೋ? ಅವಳ ಚೀಟಿಗೆ ಮನೆಯ ಯಜಮಾನನಾದ ದೊಡ್ಡಪ್ಪ ಸಹಿ ಹಾಕಿದ್ದರು. ಬಾಳೆಹಣ್ಣು. ಅವರ ಮನೆಯ ಹೊಸ್ತಿಲು ದಾಟಿ ಮೊಟ್ಟೆ ಒಳಗೆ ಬಂದದ್ದಿಲ್ಲ. ಅಜ್ಜಿ ಲಿಂಗಪೂಜೆ ಮಾಡದೆ ನೀರೂ ಕುಡಿಯುವವರಲ್ಲ, ಆ ಪೂಜೆಗೆ ಹೂವು ಹರಿದು ತರುವವಳು ಈ ಮೊಮ್ಮಗಳೇ.

ದೀಪಾವಳಿ ಕಳೆದ ಮೇಲೆ ಹುಡುಗಿ ಮೊಟ್ಟೆಯ ಸಾಲಿನಲ್ಲಿ ನಿಂತಳು. ಅಡುಗೆಯಾಕೆ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಬಾಳೆಹಣ್ಣು ಕಂಡರೆ ಅವಳಿಗೆ ವಾಕರಿಕೆ, ಅದು ಇಡೀ ತರಗತಿಗೆ ಗೊತ್ತಿತ್ತು. ಮೊದಲ ದಿನ ನಲ್ಲಿಯ ಹಿಂದೆ ನಿಂತು ತಿಂದಳು, ಆಮೇಲೆ ಎಲ್ಲರ ನಡುವೆ ಕೂತು ತಿಂದಳು. ಬೆಳೆಯುವ ಹುಡುಗಿ, ತಿನ್ನಲಿ, ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡೆ. ಚೀಟಿಯ ಪ್ರಕಾರ ನಡೆಯಬೇಕಾಗಿದ್ದವಳು ನಾನು, ನಡೆಯಲಿಲ್ಲ. ಅದರ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಪಶ್ಚಾತ್ತಾಪ ಇರುವುದು ಫೋಟೊದ ಬಗ್ಗೆ. ನಮ್ಮಲ್ಲಿ ಮೊಟ್ಟೆ ಕೊಟ್ಟರೆ ಸಾಲದು, ಕೊಟ್ಟದ್ದು ಕಾಣಬೇಕು. ಮಕ್ಕಳು ಮೊಟ್ಟೆಯನ್ನು ಎತ್ತಿ ಹಿಡಿದು ನಗಬೇಕು, ಆ ಫೋಟೊ ಮೇಲಿನವರ ಗ್ರೂಪಿಗೆ ಹೋಗಬೇಕು. ತಡವಾದರೆ ಫೋನು. ತಿನ್ನುವ ಮಕ್ಕಳನ್ನು ಹೀಗೆ ಮೆರವಣಿಗೆ ಮಾಡಿಸುವುದು ಯಾವ ಜಾಣನ ತಲೆಗೆ ಹೊಳೆಯಿತೋ! ಆ ದಿನ ಹೆಡ್‌ಮಾಸ್ಟರು ಮೀಟಿಂಗಿಗೆ ಕೂಡ್ಲಿಗಿಗೆ ಹೋಗಿದ್ದರು. ನಾನೇ ಮಕ್ಕಳನ್ನು ಕೂರಿಸಿ, ಎತ್ತಿ ಹಿಡೀರಿ ಎಂದು ಗದರಿಸಿ, ಕ್ಲಿಕ್ ಮಾಡಿ, ಮೇಲಿನವರಿಗೆ ಕಳಿಸಿದೆ. ಅದೇ ಕೈಯಲ್ಲಿ ಪಾಲಕರ ಗ್ರೂಪಿಗೂ ಹಾಕಿದೆ. ಪಾಲಕರಿಗೆ ಹಾಕಲು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಶಾಲೆ ಎಷ್ಟು ಚೆನ್ನ ಎಂದು ತೋರಿಸುವ ಚಟ, ಅಷ್ಟೇ.

ಎರಡನೆಯ ಸಾಲಿನಲ್ಲಿ ಅವಳಿದ್ದಳು. ಅವಳ ಮೊಟ್ಟೆಯನ್ನು ಒಂದು ಕಡೆ ಕಚ್ಚಿಯಾಗಿತ್ತು.

ಅಡುಗೆಯಾಕೆ ಓಡಿಬಂದು ಹೇಳಿದಾಗ ಅಳಿಸಿದೆ. ಅಷ್ಟರಲ್ಲಿ ಹೊತ್ತು ಮೀರಿತ್ತು. ಯಾರೋ ಪುಣ್ಯಾತ್ಮರು ಫೋಟೊದಲ್ಲಿ ಅವಳ ಕೈ ಸುತ್ತ ಕೆಂಪು ಬಣ್ಣದಲ್ಲಿ ದುಂಡಗೆ ಗೆರೆ ಎಳೆದು ಹರಪನಹಳ್ಳಿಯ ಬೀಗರಿಗೆ ಕಳಿಸಿದ್ದರು, ಅಲ್ಲಿಂದ ಅದು ಹಡಗಲಿಗೆ ಹೋಗಿ ಮತ್ತೆ ಇದೇ ಊರಿಗೆ ಬಂದಿತ್ತು. ಮೀಸೆ ಬರೆದ ಹುಡುಗರನ್ನು ಗದರಿಸಿದ್ದೆನಲ್ಲ, ಈ ದೊಡ್ಡವರನ್ನು ಯಾವ ಶನಿವಾರ ಕೂರಿಸಲಿ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಮಾತ್ರ ನನಗೇ ಸರಿಯಾಗಿ ಒಪ್ಪುತ್ತಿತ್ತು.

ಮರುದಿನ ಹುಡುಗಿ ಬರಲಿಲ್ಲ. ದೊಡ್ಡಪ್ಪ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ತಪ್ಪಾಯಿತು ಎನ್ನುವ ಬದಲು, ಮಗುವಿಗೆ ಹಸಿವಾದರೆ ತಿನ್ನಬಾರದೇ ಎಂದು ವಾದಕ್ಕೇ ಇಳಿದೆ. ಆತ ದನಿ ಏರಿಸಲಿಲ್ಲ.

"ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಟೀಚರಮ್ಮ. ಅಕಿ ಓದಿದ್ದು ಸಾಕು. ಹಡಗಲ್ಯಾಗ ಅಕಿ ಅತ್ತಿ ಅದಾಳ, ಅಲ್ಲೇ ಇರ್ತಾಳ."

ಸೋದರತ್ತೆಯ ಮನೆಗೆ ಹೋದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳ ಅಕ್ಕನ ಓದು ಮುಗಿದದ್ದೂ ಹಾಗೆಯೇ. ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಕೂತಿದ್ದರು. ಪೂಜೆಯ ಹೂಬುಟ್ಟಿಯನ್ನು ಹುಡುಗಿ ಮುಟ್ಟದಂತೆ ಮೇಲಕ್ಕೆ ತೂಗುಹಾಕಿದ್ದರು. ಹುಡುಗಿ ಒಳಬಾಗಿಲ ಬಳಿ ನಿಂತಿದ್ದಳು. ನನ್ನನ್ನು ನೋಡಿ ಒಂದು ಹೆಜ್ಜೆ ಮುಂದಕ್ಕೆ ಬಂದು ಏನೋ ಹೇಳಲು ಬಾಯಿ ತೆರೆದಳು.

ನಾನು ಬಿಡಲಿಲ್ಲ. ಅವಳು ತಿಂದಿಲ್ಲ, ಫೋಟೊಗೆ ಮೊಟ್ಟೆ ಹಿಡಿದ ಕೈಗಳು ಕಡಿಮೆ ಬಿದ್ದವು, ಪಕ್ಕದವಳ ಎಂಜಲು ಮೊಟ್ಟೆಯನ್ನು ನಾನೇ ಇವಳ ಕೈಗೆ ತುರುಕಿದೆ, ತಪ್ಪು ನನ್ನದು ಎಂದು ಒಂದೇ ಉಸಿರಿನಲ್ಲಿ ಸುಳ್ಳು ಹೇಳಿದೆ. ಅಜ್ಜಿ, ಮುಟ್ಟಿಸಿದ ನಿನ್ನ ಕೈ ಸೇದಿಹೋಗಲಿ ಎಂದು ಬೈದರು. ಬೈಸಿಕೊಂಡೆ. ಹೂಬುಟ್ಟಿ ಕೆಳಗಿಳಿಯಿತು.

ಸೋಮವಾರ ಹುಡುಗಿ ಶಾಲೆಗೆ ಬಂದಳು. ಬಿಡುವಿನಲ್ಲಿ ಕರೆದು, ಎಲ್ಲ ಸರಿಹೋಯಿತಲ್ಲ ಎಂದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಇದ್ದದ್ದು ದ್ವೇಷ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಮಕ್ಕಳ ಹೆದರಿಕೆ ಗೊತ್ತು, ಹಟ ಗೊತ್ತು. ಇದನ್ನು ನೋಡಿರಲಿಲ್ಲ.

"ತಿಂದೀನಿ ಅಂತ ಅಜ್ಜಿಗೆ ನಾನೇ ಹೇಳಾಕಿದ್ದೆ," ಎಂದಳು. "ಎರಡು ದಿನದಿಂದ ಅದನ್ನ ಮನಸಿನ್ಯಾಗ ಜೋಡಿಸ್ಕೊಂಡಿದ್ದೆ. ಈಗ ಖರೇ ಹೇಳಿದ್ರ ನಿಮ್ಮ ಮಾನ ಹೋಕ್ಕತಿ."

"ನಿನ್ ಸಲುವಾಗಿ ಹೇಳಿದ್ನಲ್ಲವ್ವ."

"ಫೋಟೊ ಹಾಕುವಾಗ ನನ್ನ ಕೇಳಲಿಲ್ಲ. ಸುಳ್ಳು ಹೇಳುವಾಗೂ ಕೇಳಲಿಲ್ಲ."

ಸಿಟ್ಟು ಬಂತು. ಬೈಸಿಕೊಂಡು ಶಾಲೆ ಉಳಿಸಿಕೊಟ್ಟಿದ್ದೇನೆ, ಇಷ್ಟುದ್ದದ ಹುಡುಗಿ ನನಗೆ ಬುದ್ಧಿ ಹೇಳುತ್ತಾಳಲ್ಲ ಎಂದು ಮೈ ಉರಿಯಿತು. ಹೋಗು, ಊಟ ಮಾಡು ಎಂದೆ.

ಮತ್ತೆ ಮೊಟ್ಟೆಯ ದಿನ ಬಂತು. ನಾನು ಒಬ್ಬೊಬ್ಬರ ಹತ್ತಿರ ಹೋಗಿ, ನಿನ್ನ ಫೋಟೊ ತೆಗೆಯಲೇ ಎಂದು ಕೇಳಿದೆ. ಮಕ್ಕಳಿಗೆ ನಗು ಬಂತು. ಅವಳು ಬಾಳೆಹಣ್ಣಿನ ಸಾಲಿನಲ್ಲಿ ಕೂತಿದ್ದಳು. ಅವಳನ್ನು ಎಲ್ಲರಿಗಿಂತ ಕೊನೆಗೆ ಕೇಳಿದೆ. ಅವಳು ಬೇಡ ಅನ್ನಲಿ ಎಂದೇ ಬಯಸಿದ್ದೆ.

"ತೆಗೀರಿ," ಎಂದಳು. "ನನ್ನೊಬ್ಬಾಕಿದ ತೆಗೀರಿ. ಹಣ್ಣು ಕಾಣಬೇಕು. ಪಾಲಕರ ಗ್ರೂಪಿಗೆ ಹಾಕ್ರಿ, ಅಜ್ಜಿ ದಿನಾ ಏನ್ ತಿಂದಿ ಅಂತ ಕೇಳ್ತಾಳ."

ಹಣ್ಣು ಸುಲಿದು ಬಾಯಿಯ ಹತ್ತಿರ ಹಿಡಿದು ನಕ್ಕಳು. ತೆಗೆದೆ, ಹಾಕಿದೆ. ಒಂದು ನಿಮಿಷವೂ ಆಗಿರಲಿಲ್ಲ, ಅವಳ ದೊಡ್ಡಪ್ಪ ಕೈಮುಗಿಯುವ ಗುರುತು ಕಳಿಸಿದರು. ತೋರಿಸಿದೆ. ಅವಳು ಅದನ್ನು ನೋಡಿ, ಕಚ್ಚದ ಹಣ್ಣನ್ನು ಪಕ್ಕದವಳ ತಟ್ಟೆಗೆ ಹಾಕಿ, ಬರೀ ಅನ್ನ ಉಣ್ಣತೊಡಗಿದಳು.