ಸಾಕ್ಷಿಯಿಲ್ಲದೆ ತೆರೆಯದ ಬೀಗ

ನಗರಸಭೆಯ ಕಚೇರಿಯ ಪಕ್ಕದ ಗೋಡೆಗೆ ಒರಗಿಕೊಂಡು ಒಂದು ಗೂಡು ಇತ್ತು. ಅಂಗಡಿ ಎನ್ನಲು ಅದು ತೀರ ಚಿಕ್ಕದು, ಕಪಾಟು ಎನ್ನಲು ತುಸು ದೊಡ್ಡದು. ಒಳಗೆ ಒಬ್ಬರು ಕುಳಿತರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ಕಲ್ಲಿಗೆ ಬೋಲ್ಟು ಹಾಕಿ ಕೂರಿಸಿದ, ಲೋಹವನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು, ಸಾಲಾಗಿ ನೇತುಹಾಕಿದ ಅರಗಳು, ಇನ್ನೂ ಹಲ್ಲು ಮೂಡದ ಹಿತ್ತಾಳೆಯ ಬೀಗದ ಕೈಗಳ ಗೊಂಚಲು, ಒಂದು ಎಣ್ಣೆಯ ಕುಪ್ಪಿ. ಇಷ್ಟೇ ಅದರ ವೈಭವ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ನೆಲದ ಮೇಲಿನ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು.

ಅಲ್ಲಿ ಕುಳಿತು ಕೆಲಸ ಮಾಡುತ್ತಿದ್ದವಳನ್ನು ಊರೆಲ್ಲ ಬೀಗದಕ್ಕ ಎಂದೇ ಕರೆಯುತ್ತಿತ್ತು. ಮೊದಲು ಅಲ್ಲಿ ಅವಳ ಅಪ್ಪ ಕೂರುತ್ತಿದ್ದ. ಗಂಡುಮಕ್ಕಳಿಲ್ಲವಲ್ಲ ಎಂದು ನೆಂಟರು ಮರುಕ ತೋರಿಸಿದರೆ, "ನನ್ನ ಮಗಳ ಕಿವಿ ಎಂಥದು ಗೊತ್ತಾ? ಬೀಗದ ಹೊಟ್ಟೆಯೊಳಗೆ ಸ್ಪ್ರಿಂಗು ಕೆಮ್ಮಿದ್ರೂ ಕೇಳ್ಸುತ್ತೆ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ.

ಅಪ್ಪನಿಂದ ಅವಳಿಗೆ ಗೂಡಿನ ಜೊತೆ ಒಂದು ನಿಯಮವೂ ಬಂದಿತ್ತು. ಒಮ್ಮೆ ಇಸ್ತ್ರಿ ಮಾಡಿದ ಕೋಟು ತೊಟ್ಟ ಒಬ್ಬ ಗಟ್ಟಿ ಆಸಾಮಿ ಬಂದು, ಬೀಗದ ಕೈ ಕಳೆದುಹೋಗಿದೆ ಎಂದು ಹೇಳಿ, ಅಪ್ಪನ ಕೈಯಿಂದ ಒಂದು ಮನೆಯ ಬಾಗಿಲು ತೆರೆಸಿದ್ದ. ಸಂಜೆ ಆಸ್ಪತ್ರೆಯ ಕೆಲಸ ಮುಗಿಸಿ ಬಂದ ದಾದಿಯೊಬ್ಬಳು ತನ್ನ ಮನೆ ಗುಡಿಸಿದಂತೆ ಖಾಲಿಯಾಗಿರುವುದನ್ನು ಕಂಡಳು. ಅಂದಿನಿಂದ ಅಪ್ಪ ಒಂದು ಕಟ್ಟು ಹಾಕಿಕೊಂಡ. ಯಾರೇ ಬೀಗ ತೆರೆಸಲಿ, ಅವರ ಮಗ್ಗುಲಲ್ಲಿ ನೆರೆಮನೆಯವರೊಬ್ಬರು ನಿಂತು, "ಹೌದು, ಇದು ಇವರ ಮನೆಯೇ" ಎಂದು ಬಾಯಿಬಿಟ್ಟು ಹೇಳಬೇಕು. ಬರೀ ತಲೆಯಾಡಿಸಿದರೆ ನಡೆಯದು.

ಬೀಗದಕ್ಕ ಈ ನಿಯಮವನ್ನು ಯಾರಿಗೂ ಸಡಿಲಿಸಿದವಳಲ್ಲ. ಊರಿನ ಪೊಲೀಸ್ ಇನ್ಸ್‌ಪೆಕ್ಟರು ಒಮ್ಮೆ ಬೀಗದ ಕೈ ಕಳೆದುಕೊಂಡಾಗ, ತಮ್ಮೊಡನೆ ಮಾತು ಬಿಟ್ಟ ಪಕ್ಕದ ಮನೆಯವನನ್ನೇ ಕರೆತರಬೇಕಾಯಿತು. ಆ ಪುಣ್ಯಾತ್ಮ ಸಿಕ್ಕ ಅವಕಾಶ ಬಿಟ್ಟಾನೆಯೆ? ಮನೆಯನ್ನು ಮೇಲಿಂದ ಕೆಳಗೆ ನೋಡಿ, "ಇವರದೇ ಇರಬೇಕು. ಆದ್ರೂ ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ" ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟ. ಇನ್ಸ್‌ಪೆಕ್ಟರು ಬೂಟು ಕಾಲಿನಲ್ಲಿ ಬಿಸಿಲಿಗೆ ನಿಂತು ಬೆವರಿದರು. ಕೊನೆಗೆ ಇಬ್ಬರೂ ನಕ್ಕು ರಾಜಿಯಾದರು.

ಬೀಗದಕ್ಕನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವನು ಬಿಟ್ಟುಹೋದ ಆಸ್ತಿ ಎರಡು, ಒಂದು ಮನೆ, ಇನ್ನೊಂದು ಅವನ ತಂಗಿ. ಬೀಗದಕ್ಕ ಅರದ ತಾಳ್ಮೆಯವಳಾದರೆ ನಾದಿನಿ ಕತ್ತರಿಯ ನಾಲಿಗೆಯವಳು. ಹೊಲಿಗೆ ಅವಳ ಕಸುಬು. ಅಣ್ಣ ತೀರಿಕೊಂಡ ವರ್ಷವೇ ಬೀಗದಕ್ಕ ಮುಂದಿನ ಹಜಾರಕ್ಕೆ ಹಲಗೆಯ ಅಡ್ಡಗೋಡೆ ಹಾಕಿಸಿ, ಅವಳಿಗೆಂದು ಒಂದು ಪುಟ್ಟ ಕೋಣೆ ಮಾಡಿಕೊಟ್ಟಳು. ಅದಕ್ಕೆ ನೀಲಿ ಬಣ್ಣದ ಬಾಗಿಲು, ಒಳಗಿನಿಂದ ಹಾಕಿಕೊಳ್ಳಲು ಒಂದು ಚಿಲಕ. ಹುಟ್ಟಿದಾಗಿನಿಂದ ಹತ್ತು ಜನರ ನಡುವೆ ಮಲಗಿ ಎದ್ದ ನಾದಿನಿ ಮೊದಲ ದಿನ ಆ ಚಿಲಕವನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಚೆಯಿಂದ ಬೀಗದಕ್ಕ, "ಸವೆದು ಹೋಗುತ್ತೆ ಕಣೇ" ಎಂದರೆ, "ಸವೆದ್ರೆ ಇನ್ನೊಂದು ಮಾಡಿಕೊಡೋಕೆ ಅತ್ತಿಗೆ ಇದ್ದಾಳಲ್ಲ" ಎಂದಳು.

ಹೀಗಿರುವಾಗ ಹೊಸ ಆಸ್ತಿ ತೆರಿಗೆ ಬಂತು. ಹಳೆಯ ತೆರಿಗೆಯನ್ನು ಜನ ಗೊಣಗುತ್ತಲಾದರೂ ಕಟ್ಟುತ್ತಿದ್ದರು. ಅದು ಬೀದಿಗೆ ಕಾಣುವ ಮನೆಯ ಅಗಲ ನೋಡಿ ಹಾಕಿದ್ದು. ಹೊಸದು ಒಳಗಿನ ಕೋಣೆಗಳನ್ನು ಎಣಿಸಿ ಹಾಕುವಂಥದು. ಕೋಣೆ ಎಂದರೇನು ಎಂದು ಯಾರೋ ಕೇಳಿದ್ದಕ್ಕೆ, ಬಾಗಿಲು ಇರುವುದೆಲ್ಲ ಕೋಣೆಯೇ ಎಂದು ಕಚೇರಿಯ ಫಲಕದ ಮೇಲೆ ಉತ್ತರ ಅಂಟಿಸಿದರು. ಬಚ್ಚಲಿಗೆ ಬಾಗಿಲಿದೆ, ಅದು ಕೋಣೆ. ಮೆಟ್ಟಿಲ ಕೆಳಗೆ ಪೊರಕೆ ಇಡುವ ಸಂದಿಗೂ ಬಾಗಿಲಿದೆ, ಅದೂ ಕೋಣೆ.

"ನಮ್ಮ ಕಪಾಟಿಗೂ ಬಾಗಿಲಿದೆ ಸ್ವಾಮಿ. ಅದ್ರಲ್ಲಿ ನಮ್ಮತ್ತೆ ಮಲಗ್ತಾರೆ ಅಂತ ಬರ್ಕೊಳ್ಳಿ" ಎಂದ ಬೀಗದಕ್ಕನ ಪಕ್ಕದ ಮನೆಯ ಬೇಕರಿಯವನು.

ನಗುತ್ತ ನಗುತ್ತಲೇ ಜನ ಹೆದರಿದರು. ಹೆದರಿದವರು ಒಳಬಾಗಿಲುಗಳನ್ನು ಕಳಚತೊಡಗಿದರು. ಹಿತ್ತಿಲುಗಳಲ್ಲಿ ಬಾಗಿಲುಗಳು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಒರಗಿದವು. ಬೇಕರಿಯವನ ಬಚ್ಚಲಿಗೆ ಹಿಟ್ಟಿನ ಚೀಲದ ಪರದೆ ಬಂತು. ಒಳಗಿರುವವರು ಹಾಡುತ್ತಿರಬೇಕು, ಹಾಡು ನಿಂತ ಮೇಲೆಯೇ ಇನ್ನೊಬ್ಬರು ಹೋಗಬೇಕು ಎಂದು ಮನೆಯಲ್ಲಿ ಕಟ್ಟಳೆಯಾಯಿತು. ಅವನ ಮುದಿ ತಂದೆಗೆ ಬರುತ್ತಿದ್ದುದು ಒಂದೇ ಹಾಡು, ಅದೂ ಅರ್ಧ. ಬೆಳಗಾದರೆ ಬೀದಿಯೆಲ್ಲ ಆ ಅರ್ಧ ಹಾಡನ್ನು ಕೇಳಬೇಕಿತ್ತು.

ಬೀಗದಕ್ಕನ ಮನೆಯಲ್ಲಿ ಮಾತ್ರ ನೀಲಿ ಬಾಗಿಲು ಇದ್ದಲ್ಲೇ ಇತ್ತು.

"ನನ್ನ ಬಾಗಿಲು ಕಿತ್ರೆ ಅದರ ಜೊತೆ ನನ್ನನ್ನೂ ಹಿತ್ತಿಲಿಗೆ ಒರಗಿಸಿಬಿಡು, ಅತ್ತಿಗೆ" ಎಂದಳು ನಾದಿನಿ.

"ಯಾರು ಕೀಳ್ತಾರೆ? ಬಾಗಿಲು ನಂಬಿ ಬದುಕಿದವಳು ನಾನು. ನನ್ನ ಮನೇಲೇ ಬಾಗಿಲು ತೆಗೀತೀನಾ?"

ಒಂದು ಸಂಜೆ ಬೀದಿಯವರೆಲ್ಲ ಬೇಕರಿಯ ಒಲೆಯ ಮನೆಯಲ್ಲಿ ಸೇರಿ ನಿರ್ಧಾರ ಮಾಡಿದರು. ಹಳೆಯ ತೆರಿಗೆ ಕಟ್ಟೋಣ, ಕೋಣೆ ಎಣಿಸಲು ಬಿಡುವುದು ಬೇಡ. ಅಳೆಯುವವರು ಬಂದ ದಿನ ಎಲ್ಲರೂ ಮನೆಗೆ ಬೀಗ ಹಾಕಿ ಬೀದಿಯಲ್ಲಿ ನಿಲ್ಲುವುದು. ಹಾಗೆಯೇ ನಿಂತರು. ಅಳತೆಯ ಟೇಪು ಹಿಡಿದು ಬಂದ ತೆರಿಗೆ ಅಧಿಕಾರಿ ಬೀಗಗಳ ಮುಖ ನೋಡಿಕೊಂಡು ಹಿಂದಿರುಗಿದರು. ಅವರಿಗೆ ಅಂದೇ ಟೇಪು ಸಾಹೇಬರು ಎಂಬ ಹೆಸರು ಬಿತ್ತು.

ಬೀಗ ಒಡೆದರೆ ಕಚೇರಿಯೇ ನಷ್ಟ ತುಂಬಿಕೊಡಬೇಕು. ಒಡೆಯದೆ ತೆರೆಯಬಲ್ಲವಳು ಆ ಊರಿನಲ್ಲಿ ಒಬ್ಬಳೇ, ಅದೂ ಕಚೇರಿಯ ಗೋಡೆಗೇ ಒರಗಿ ಕುಳಿತಿದ್ದಾಳೆ. ಮರುದಿನ ಸಾಹೇಬರು ಗೂಡಿನ ಮುಂದೆ ಬಂದು ನಿಂತು ನಕ್ಕರು. ಕೆಟ್ಟ ಮನುಷ್ಯರೇನಲ್ಲ. ಮೇಲಿನವರು ಕಿವಿ ಹಿಂಡಿದ್ದರು, ಅದನ್ನು ಯಾರಿಗಾದರೂ ದಾಟಿಸಬೇಕಿತ್ತು.

"ಏನಕ್ಕ, ಗೂಡಿನ ಪರವಾನಗಿ ಈ ತಿಂಗಳಿಗೆ ಮುಗಿಯುತ್ತಲ್ಲ?"

"ಪ್ರತಿ ವರ್ಷ ಮುಗಿಯುತ್ತೆ, ಪ್ರತಿ ವರ್ಷ ನೀವು ಮುಂದುವರಿಸ್ತೀರಿ" ಎಂದಳು, ಅರ ಉಜ್ಜುವುದನ್ನು ನಿಲ್ಲಿಸದೆ.

"ಈ ವರ್ಷವೂ ಮುಂದುವರಿಸೋಣ. ನಿಮ್ಮ ಬೀದಿಯ ಬೀಗಗಳನ್ನ ನೀವು ತೆರೆದುಕೊಡಬೇಕು, ಅಷ್ಟೆ. ಎಷ್ಟಾದ್ರೂ ನಮ್ಮ ಗೋಡೆಗೆ ಒರಗಿದವರು ನೀವು."

ಬೀಗದಕ್ಕ ಅರ ಕೆಳಗಿಟ್ಟಳು. ಕೈಯಲ್ಲಿದ್ದ ಬೀಗದ ಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಬೀಗ ತೆರೆಯೋದು ನನ್ನ ಕೆಲಸ. ಬರ್ತೀನಿ. ಆದ್ರೆ ನನ್ನ ನಿಯಮ ನಿಮಗೂ ಗೊತ್ತಲ್ಲ" ಎಂದಳು.

"ನೆರೆಯವರೊಬ್ಬರು ಸಾಕ್ಷಿ, ಅಷ್ಟೇ ತಾನೆ? ಬೀದಿ ತುಂಬ ನೆರೆಯವರೇ ಇದ್ದಾರೆ!" ಸಾಹೇಬರು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭವಾಯಿತೆಂದು ಹೊರಟುಹೋದರು.

ಸುದ್ದಿ ಅವಳಿಗಿಂತ ಮೊದಲು ಮನೆ ಸೇರಿತ್ತು. ಬೇಕರಿಯವನು ಅವಳನ್ನು ಕಂಡೂ ಕಾಣದವನಂತೆ ಬ್ರೆಡ್ಡಿನ ಬೆನ್ನು ತಟ್ಟುತ್ತ ನಿಂತ. ನಾದಿನಿ ನೀಲಿ ಬಾಗಿಲಿನ ಒಳಗಿನಿಂದಲೇ ಮಾತಾಡಿದಳು.

"ಗೂಡು ಉಳಿಸ್ಕೊಳ್ಳೋಕೆ ಬೀದೀನೇ ಮಾರಿದ್ಯಂತೆ?"

"ಬಾಗಿಲು ತೆಗೆದು ಕೇಳು, ಹೇಳ್ತೀನಿ."

"ಇನ್ನೇನು, ನೀನೇ ಎಲ್ಲಾರ ಬಾಗಿಲೂ ತೆಗೀತೀಯಲ್ಲ. ಇದೊಂದನ್ನ ನಾನೇ ಯಾಕೆ ತೆಗೀಲಿ?"

ಬೀಗದಕ್ಕ ಒಬ್ಬಳೇ ಕುಳಿತು ಉಂಡಳು. ವಿವರಿಸಬಹುದಿತ್ತು. ಆದರೆ ಇಷ್ಟು ವರ್ಷ ಒಂದೇ ಗೋಡೆಯ ಆಚೀಚೆ ಇದ್ದವರು ಒಂದೇ ಮಾತಿಗೆ ತನ್ನನ್ನು ಹೀಗೆ ತಿಳಿದರಲ್ಲ ಎಂಬ ಸಿಟ್ಟು ಅವಳ ಬಾಯನ್ನು ಬಿಗಿದಿತ್ತು.

ಬೀಗ ತೆರೆಯಬೇಕಾದ ದಿನ ಬಂತು. ಮನೆಗಳಿಗೆಲ್ಲ ಬೀಗ, ಬೀದಿಯ ತುಂಬ ಜನ. ಸಾಹೇಬರು ಟೇಪಿನವರನ್ನು ಹಿಂದಿಟ್ಟುಕೊಂಡು ಬೇಕರಿಯವನ ಮನೆಯ ಮುಂದೆ ನಿಂತರು. ಬೀಗದಕ್ಕ ಚೀಲವನ್ನು ಮೆಟ್ಟಿಲ ಮೇಲಿಟ್ಟು ಏಪ್ರನ್ನಿಗೆ ಕೈ ಒರಸಿಕೊಂಡಳು.

"ಬೀಗ ತೆರೆಸ್ತಿರೋರು ಯಾರು?"

"ನಾನೇ" ಎಂದರು ಸಾಹೇಬರು.

ಅವಳು ಎದುರು ಮನೆಯ ಮುದುಕ ದರ್ಜಿಯ ಕಡೆ ತಿರುಗಿದಳು. "ದರ್ಜಿ ಮಾವ, ನೀವು ನೆರೆಯವರು. ಇದು ಈ ಸಾಹೇಬರ ಮನೆಯಾ?"

ಮುದುಕನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಆಮೇಲೆ ಅವನ ಮುಖವೆಲ್ಲ ನಗುವಾಯಿತು. ಕನ್ನಡಕ ಏರಿಸಿ ಸಾಹೇಬರನ್ನು ಅಳತೆ ತೆಗೆಯುವವನಂತೆ ನೋಡಿದ. "ಇವರ್ದಾ? ಇವರು ಇಲ್ಲಿ ಒಂದಿನ ಹಲ್ಲುಜ್ಜಿದ್ದನ್ನೂ ನೋಡಿಲ್ಲ ನಾನು."

ಬೀದಿ ಗೊಳ್ಳೆಂದಿತು. ಸಾಹೇಬರ ಮುಖ ಕೆಂಪಾಯಿತು.

"ಇದು ಬೇಕರಿಯವನ ಮನೆ ಅಂತ ನಂಗೂ ಗೊತ್ತು! ಇಲ್ನೋಡಿ ಆದೇಶ."

"ಬೇಕರಿಯವನ ಮನೆ ಅಂದ್ಮೇಲೆ ಬೇಕರಿಯವನು ಬಂದು ತೆರೆಸ್ಲಿ" ಎಂದಳು ಬೀಗದಕ್ಕ. "ಕೋಟು ನೋಡಿ ಬಾಗಿಲು ತೆರೆದು ನಮ್ಮಪ್ಪ ಒಂದ್ಸಲ ಕೆಟ್ಟಿದ್ದಾನೆ. ನಾನು ಕಾಗದ ನೋಡಿ ಕೆಡೋದಿಲ್ಲ."

ಎರಡನೆಯ ಮನೆ, ಅದರಾಚೆಯ ಮನೆ, ಎಲ್ಲ ಕಡೆಯೂ ಇದೇ ಆಯಿತು. ಅವಳು ಎಲ್ಲ ಬಾಗಿಲಿಗೂ ಚೀಲ ಇಳಿಸಿ, ನಗದೆ, ಅದೇ ಪ್ರಶ್ನೆ ಕೇಳಿದಳು. ಜನ ಹಿಂದೆ ಹಿಂದೆ ಬಂದರು. ಒಬ್ಬ ಹೆಂಗಸು, "ಸಾಹೇಬ್ರ ಮನೆ ಆದ್ರೆ ಹೇಳಿ, ಬಾಕಿ ಇರೋ ಪಾತ್ರೆ ಅವರೇ ತೊಳೀಲಿ" ಎಂದಳು. ಬೇಕರಿಯವನು ಬೀಗದಕ್ಕನ ಚೀಲವನ್ನು ತಾನೇ ಹೊತ್ತುಕೊಂಡ. ನಾದಿನಿ ಮಾತ್ರ ಹತ್ತಿರ ಬರಲೂ ಆರದೆ ದೂರ ಉಳಿಯಲೂ ಆರದೆ ಗೋಡೆಯ ಪಕ್ಕದಲ್ಲೇ ನಡೆಯುತ್ತಿದ್ದಳು.

ಸಾಹೇಬರು ದಡ್ಡರಲ್ಲ. ಬೀಗದಕ್ಕನ ಮನೆಯ ಮುಂದೆ ಬಂದಾಗ ನಿಂತು, ಬೇಕರಿಯವನ ಕಡೆ ಬೆರಳು ಮಾಡಿದರು.

"ನೀನು ನೆರೆಯವನು. ಹೇಳು, ಇದು ಈಕೆಯ ಮನೆ ಹೌದೋ ಅಲ್ವೋ?"

ಬೇಕರಿಯವನು ಹೊತ್ತಿದ್ದ ಚೀಲವನ್ನು ಕೆಳಗಿಳಿಸಿದ. ಸುಳ್ಳು ಹೇಳಿದರೆ ಅವಳ ನಿಯಮವೇ ಸುಳ್ಳಾಗುತ್ತದೆ. "ಹೌದು, ಇದು ಇವರ ಮನೆಯೇ."

"ಆಯ್ತಲ್ಲ! ಮನೆ ನಿಮ್ಮದು, ಸಾಕ್ಷಿ ಇದ್ದಾನೆ, ಬೀಗದ ಕೈ ನಿಮ್ಮ ಸೊಂಟದಲ್ಲಿದೆ. ನಿಯಮದ ಪ್ರಕಾರವೇ ತೆರೀರಿ. ಒಂದು ಮನೆ ಅಳೆದ್ರೆ ಮಿಕ್ಕವು ತಾವಾಗೇ ತೆರ್ಕೊಳ್ತವೆ." ಆಮೇಲೆ ದನಿ ತಗ್ಗಿಸಿದರು. "ಗೂಡಿನ ವಿಷಯ ನೆನಪಿದೆ ಅಲ್ವಾ ಅಕ್ಕ?"

ನಗು ನಿಂತಿತು. ಬೀಗದಕ್ಕ ಸೊಂಟದ ಗೊಂಚಲಿನಿಂದ ತನ್ನ ಮನೆಯ ಬೀಗದ ಕೈಯನ್ನು ಬಿಡಿಸಿದಳು. ಅಪ್ಪನ ನಿಯಮ ಇಲ್ಲಿಯವರೆಗೆ ಅವಳ ಮುಂದೆ ಗೋಡೆಯಂತೆ ನಿಂತಿತ್ತು. ಈಗ ಅದು ಪಕ್ಕಕ್ಕೆ ಸರಿದುಬಿಟ್ಟಿತು, ಅವಳು ಬಯಲಿನಲ್ಲಿ ಉಳಿದಳು. ಎಳವೆಯಿಂದ ಕುಳಿತ ಗೂಡು, ಅಪ್ಪನ ಮೊಣಕೈ ತಾಗಿ ತಾಗಿ ನುಣುಪಾದ ಕಲ್ಲು, ಸಂಜೆಯ ಮಿನುಗು ಎಲ್ಲ ಕಣ್ಣ ಮುಂದೆ ಬಂದುಹೋದವು. ನಾದಿನಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಇದು ನನ್ನ ಮನೆ ಅಂತ ಅವನು ಹೇಳ್ದ. ಎಲ್ರೂ ಕೇಳಿದ್ರಿ" ಎಂದಳು ಬೀಗದಕ್ಕ. "ನನ್ನ ಮನೆ ಆದ್ಮೇಲೆ ಯಾವಾಗ ತೆರೀಬೇಕು, ಯಾರಿಗೆ ತೆರೀಬೇಕು ಅನ್ನೋದು ನನ್ನಿಷ್ಟ. ನಿಮಗೆ ತೆರೆಯೋದಿಲ್ಲ."

"ಹಾಗಾದ್ರೆ ಗೂಡು?"

"ಗೂಡು ನಿಮ್ಮದು ಸಾಹೇಬ್ರೆ. ಅದಕ್ಕೆ ಬೇರೆ ಯಾರೂ ಬೇಡ, ನಾನೇ ಸಾಕ್ಷಿ. ಹೋಗಿ ಬೀಗ ಹಾಕ್ಕೊಳ್ಳಿ."

ಅಷ್ಟು ಹೇಳಿ ಅವಳು ತನ್ನ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ನಾದಿನಿ ಬಂದು ಅವಳನ್ನು ಮೊಣಕೈಯಿಂದ ತಳ್ಳಿ ಜಾಗ ಮಾಡಿಕೊಂಡು ಪಕ್ಕದಲ್ಲಿ ಕುಳಿತಳು. ಟೇಪಿನವರು ಟೇಪು ಸುತ್ತಿಕೊಂಡರು.

ಅಂದೇ ಮಧ್ಯಾಹ್ನ ಅವಳು ಗೂಡು ಖಾಲಿ ಮಾಡಿದಳು. ವೈಸಿನ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಿಗೇ ಬೇರೂರಿದ್ದವು. ಬೇಕರಿಯವನು ಬಿಡಿಸಹೋಗಿ ಬೆರಳು ಜಜ್ಜಿಕೊಂಡ. ಬಿಡಿಸಿದವಳು ಅವಳೇ, ಎಣ್ಣೆ ಹಾಕಿ, ಕಾದು, ಮತ್ತೆ ಎಣ್ಣೆ ಹಾಕಿ. ಗೂಡನ್ನು ಮುಚ್ಚಲು ಬಂದ ಕಚೇರಿಯ ಜವಾನ ತಲೆ ಕೆರೆದುಕೊಂಡು ನಿಂತ. ಅವನ ಕೈಯಲ್ಲಿ ಬೀಗವಿರಲಿಲ್ಲ.

"ಒಂದು ಬೀಗ ಇದ್ರೆ ಕೊಡ್ತೀಯಾ ಅಕ್ಕ?"

"ಯಾಕೆ ಕೊಡಲ್ಲ? ವ್ಯಾಪಾರ." ಒಳ್ಳೆಯ ಬೀಗವನ್ನೇ ಕೊಟ್ಟಳು, ಪೂರ್ತಿ ಬೆಲೆ ಎಣಿಸಿಕೊಂಡಳು.

ಅದಾದ ಮೇಲೆ ಪಕ್ಕದ ಬೀದಿಗಳಲ್ಲೂ ಬಾಗಿಲುಗಳು ಮುಚ್ಚಿದವು. ಟೇಪು ಹಿಡಿದವರು ಹೋದಲ್ಲೆಲ್ಲ ಜನ, "ಇದು ನಿಮ್ಮ ಮನೆಯಾ?" ಎಂದು ಕೇಳತೊಡಗಿದರು. ಮಕ್ಕಳೂ ಕಲಿತವು. ಕೊನೆಗೆ ಕೋಣೆ ಎಣಿಸುವುದನ್ನು ಮುಂದಿನ ಆದೇಶದವರೆಗೆ ನಿಲ್ಲಿಸಲಾಗಿದೆ ಎಂದು ಅದೇ ಫಲಕದ ಮೇಲೆ ಅಂಟಿಸಿದರು. ಕೈಬಿಟ್ಟೆವು ಎಂದು ಬರೆಯಲಿಲ್ಲ. ಗೂಡನ್ನೂ ಹಿಂದಿರುಗಿಸಲಿಲ್ಲ. ಹಿತ್ತಿಲುಗಳಲ್ಲಿದ್ದ ಬಾಗಿಲುಗಳು ಒಂದೊಂದಾಗಿ ತಮ್ಮ ಚೌಕಟ್ಟಿಗೆ ಮರಳಿದವು. ಮಳೆ ಬಿಸಿಲಿಗೆ ಉಬ್ಬಿದ್ದರಿಂದ ಯಾವುದೂ ಸರಿಯಾಗಿ ಕೂರದೆ, ಬೀಗದಕ್ಕನಿಗೆ ಕೈತುಂಬ ಕೆಲಸವಾಯಿತು.

ಅವಳು ಈಗ ತನ್ನ ಮನೆಯ ಮುಂದಿನ ಕಿಟಕಿಯಲ್ಲೇ ಕೂರುತ್ತಾಳೆ. ವೈಸು ಕಿಟಕಿಯ ಕಟ್ಟೆಯ ಮೇಲೆ, ಅರಗಳು ಸರಳುಗಳಿಗೆ. ಅಪ್ಪನ ಗೂಡಿನ ಮುಂದೆ ಹಾದುಹೋಗಬೇಕಾದಾಗ ಅವಳು ತಲೆ ತಗ್ಗಿಸುವುದೂ ಇಲ್ಲ, ಸುತ್ತು ದಾರಿ ಹಿಡಿಯುವುದೂ ಇಲ್ಲ. ಒಂದು ದಿನ ಟೇಪು ಸಾಹೇಬರೇ ಕಿಟಕಿಯ ಮುಂದೆ ಬಂದರು, ಮನೆಯ ಬೀಗದ ಕೈ ಮುರಿದಿತ್ತು. ಹೊಸದನ್ನು ಕೊರೆಯುವಷ್ಟು ಹೊತ್ತು ನಿಂತವರು ಒಳಗೆ ಇಣುಕಿ, ನಗುತ್ತ, "ಅಂತೂ ಎಷ್ಟು ಕೋಣೆ ಇದಾವಕ್ಕ ಒಳಗೆ?" ಎಂದರು.

ಬೀಗದಕ್ಕ ಉತ್ತರ ಕೊಡುವ ಮೊದಲೇ ಒಳಗೆ ನೀಲಿ ಬಾಗಿಲಿನ ಚಿಲಕ ಸದ್ದು ಮಾಡಿತು. ನಾದಿನಿಯ ದನಿ ಕೇಳಿಸಿತು.

"ಅತ್ತಿಗೆ, ಸಾಹೇಬ್ರಿಗೆ ಹೇಳು. ಎಣಿಸೋಕೆ ಬಂದ್ರೆ ಕಿಟಕೀಲೇ ನಿಲ್ಲೋದು, ಬೀಗದ ಕೈಗೆ ಬಂದ್ರೆ ಕೂತ್ಕೊಳ್ಳೋಕೆ ಕುರ್ಚಿ ಕೊಡ್ತೀವಿ."

ಸಾಹೇಬರು ಸ್ವಲ್ಪ ಹೊತ್ತು ಯೋಚಿಸಿ, ಕುರ್ಚಿ ಕೇಳಿದರು.