ಕೇಶರಬಾಯಿ ತುಂಬಿಸಿದ ಹೊಟ್ಟೆ

ಹೊಟ್ಟೆಯ ಮುಕ್ಕಾಲು ಪಾಲು ಕೊಯ್ಸಿಕೊಂಡು ಬಂದ ಮನಿಷಾ, ತಾಯಿಗೆ ಮಾತ್ರ ಪಿತ್ತದ ಹರಳು ತೆಗೆಸಿದೆ ಎಂದು ಹೇಳಿದಳು. ಅವಳು ಮಾಡಿದ ತಪ್ಪು ಇದೊಂದೇ ಎನ್ನುವುದು ನನ್ನ ಲೆಕ್ಕ. ಆಪರೇಷನ್ ತಪ್ಪೋ ಸರಿಯೋ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ, ಅವಳಿಗೂ ಬಗೆಹರಿದಿಲ್ಲ.

ಬೀದರಿನ ಚಿದ್ರಿಯಲ್ಲಿ ನಮ್ಮದು ಎದುರುಬದುರು ಮನೆ. ಭಾಲ್ಕಿಯ ಒಂದೇ ಶಾಲೆಯಲ್ಲಿ ಅವಳು ಗಣಿತ, ನಾನು ಕನ್ನಡ. ಅವಳ ಗಂಡ ದತ್ತಾತ್ರಿ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ನಾನು ಬಾಯಿ ಜೋರಿನವಳು, ಅವಳು ಮೆತ್ತಗಿನವಳು. ಅದಕ್ಕೇ ನಮ್ಮ ಸ್ನೇಹ ಬಾಳಿದೆ, ಇಬ್ಬರೂ ನನ್ನಂಥವರಾಗಿದ್ದರೆ ಚಿದ್ರಿ ಎಂದೋ ಖಾಲಿಯಾಗುತ್ತಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಭಾಲ್ಕಿ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಅಷ್ಟು ದೂರ ನಿಂತು ಹೋಗಲು ಮನಿಷಾಳ ಮೊಣಕಾಲು ಒಪ್ಪುತ್ತಿರಲಿಲ್ಲ. ಹಾಗಾಗಿ ನಾವು ಬಾಬುಮಿಯಾನ ಕ್ರೂಸರ್ ಜೀಪು ಹತ್ತುತ್ತಿದ್ದೆವು. ಅವನು ಅವಳಿಂದ ಎರಡು ಸೀಟಿನ ದುಡ್ಡು ತೆಗೆದುಕೊಳ್ಳುತ್ತಿದ್ದ, ನಾನು ಅವನ ಮೇಲೆ ಹರಿಹಾಯುತ್ತಿದ್ದೆ. ಮನಿಷಾ ನನ್ನ ಸೆರಗು ಜಗ್ಗಿ, "ಬಿಡು ಶೈಲಾ, ಖರೇನೇ ಎರಡು ಸೀಟ್ ಹಿಡೀತೇನಿ ನಾ" ಎಂದು ತಾನೇ ಮೊದಲು ನಕ್ಕುಬಿಡುತ್ತಿದ್ದಳು. ಮೊದಲು ತಾನು ನಕ್ಕರೆ ಬೇರೆಯವರ ನಗು ತಾಕುವುದಿಲ್ಲ ಎಂದು ಅವಳು ಚಿಕ್ಕಂದಿನಲ್ಲೇ ಕಲಿತಿದ್ದಳು. ನನಗೆ ಆ ನಗು ಕಂಡರೆ ಸಿಟ್ಟು ಬರುತ್ತಿತ್ತು.

ಆ ಮೈಯನ್ನು ಕಟ್ಟಿದವಳು ಅವಳ ತಾಯಿ ಕೇಶರಬಾಯಿ. ಔರಾದ ತಾಲೂಕಿನ ಡಾಬಕಾದವಳು. ಹುಡುಗಿಯಾಗಿದ್ದಾಗ ಕೇಶರಬಾಯಿ ಸಂಜೆ ಹೊತ್ತು ಒಂದು ಬಟ್ಟೆ ಹಿಡಿದು ದೊಡ್ಡ ಮನೆಗಳ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲಬೇಕಿತ್ತು. ಒಳಗಿನವರು ಉಳಿದ ರೊಟ್ಟಿಯನ್ನು ಮೇಲಿನಿಂದ ಆ ಬಟ್ಟೆಗೆ ಹಾಕುತ್ತಿದ್ದರು. ಅದೇ ಊರಿನಲ್ಲಿ ಮದುವೆಯಾದ ವರ್ಷ ಅವಳ ಗಂಡನ ಮನೆಯವರು ಬಾಬಾಸಾಹೇಬರ ಫೋಟೊ ಹಾಕಿ, ಆ ಬಟ್ಟೆಯನ್ನು ಒಲೆಗೆ ಹಾಕಿದರು. ಮಗಳು ಹುಟ್ಟಿದಾಗ ಕೇಶರಬಾಯಿ ಒಂದೇ ಹಟ ಹಿಡಿದಳು: ಈ ಕೂಸು ಹಸಿವೆ ಎಂಬ ಮಾತು ಆಡಬಾರದು. ತಾನು ಅರ್ಧ ಉಂಡು ಮಗಳಿಗೆ ಒಂದೂವರೆ ಉಣ್ಣಿಸಿದಳು. ಮಗಳು ದುಂಡಗಾದಂತೆ ತಾಯಿ ಎದೆ ಎತ್ತಿ ನಡೆದಳು. "ಕೇಶರಾ, ಮಗಳಿಗಿ ಏನ್ ತಿನ್ನಸ್ತಿ?" ಎಂದು ಅದೇ ದೊಡ್ಡ ಮನೆಯ ಹೆಂಗಸರು ಕೇಳಿದ ದಿನ ಅವಳಿಗೆ ಹಬ್ಬವಾಗಿತ್ತಂತೆ.

ಮಗಳು ಓದಿ ಟೀಚರಾಗಿ ಬೀದರಿಗೆ ಬಂದ ಮೇಲೂ ಪ್ರತಿ ಭಾನುವಾರ ಔರಾದ ಬಸ್ಸಿನಲ್ಲಿ ಒಂದು ಗಂಟು ಬರುತ್ತಿತ್ತು. ತಟ್ಟೆಯಗಲದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಮ್ಮೊಮ್ಮೆ ಪುಂಡಿ ಪಲ್ಲೆ. ಬಟ್ಟೆಯ ನಾಲ್ಕು ತುದಿ ಕೂಡಿಸಿ ಗಂಟು ಹಾಕಲು ಕೇಶರಬಾಯಿ ಮೊಣಕಾಲೂರಿ ಜಗ್ಗಿರಬೇಕು, ಅಷ್ಟು ಬಿಗಿ ಇರುತ್ತಿತ್ತು. ಅದರಲ್ಲಿ ನನ್ನ ಮನೆಗೂ ಪಾಲು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಸಕ್ಕರೆ ಕಾಯಿಲೆ ಸೂಜಿಗೂ ಬಗ್ಗದೆ ಹೋದಾಗ, ಶಾಲೆಯ ಮೆಟ್ಟಿಲನ್ನು ಕೂತು ಕೂತು ಹತ್ತುವಂತಾದಾಗ, ಹೈದರಾಬಾದಿನ ಡಾಕ್ಟರು ಮೈ ಇಳಿಸಲು ಹೊಟ್ಟೆ ಸಣ್ಣದು ಮಾಡುವ ಈ ಆಪರೇಷನ್ ಹೇಳಿದರು. "ನಿನ್ನ ಮೈ, ನಿನ್ನ ವಿಚಾರ" ಎಂದ ದತ್ತಾತ್ರಿ. ಬೇಸಿಗೆ ರಜೆಯಲ್ಲಿ ಆಯಿತು. ತಾಯಿಗೆ ನಿಜ ಹೇಳು ಎಂದರೆ ಮನಿಷಾ ನನ್ನ ಮೇಲೇ ರೇಗಿದಳು.

"ಹ್ಯಾಂಗ ಹೇಳ್ಲಿ? ಆಯಿ ಇದನ್ನ ತುಂಬಸಕ್ಕೇ ಜಲ್ಮ ಸವೆಸ್ಯಾಳ. ನಾ ರೊಕ್ಕ ಕೊಟ್ಟು ಖಾಲಿ ಮಾಡಿಸಿಕೊಂಡು ಬಂದೇನಿ ಅಂತ ಹೇಳ್ಲಾ?"



ಮೇ ತಿಂಗಳ ಕೊನೆಗೆ ಕೇಶರಬಾಯಿ ಚಿದ್ರಿಗೆ ಬಂದಳು, ಕಂಕುಳಲ್ಲಿ ಊರಲ್ಲೇ ಸಾಕಿದ ಗಾವಟಿ ಕೋಳಿ ಇಟ್ಟುಕೊಂಡು. ಹರಳು ತೆಗೆಸಿದ ಮಗಳಿಗೆ ಕಸುವು ಬರಬೇಕಲ್ಲ! ಡಾಕ್ಟರು ಚಮಚೆಯಲ್ಲಿ ಉಣ್ಣು ಎಂದಿದ್ದರು, ತಾಯಿ ತಾಟಿನಲ್ಲಿ ಬಡಿಸಿದಳು. ಬೇಡವೆನ್ನಲಾರದೆ ಮನಿಷಾ ನಾಲ್ಕು ತುತ್ತು ಹೆಚ್ಚಿಗೆ ಉಂಡಳು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡಿದಳು. ಮರುದಿನವೂ ಹಾಗೇ ಆಯಿತು. ನಲ್ಲಿಯ ಸದ್ದಿನ ಹಿಂದಿನ ಸದ್ದು ಕೇಶರಬಾಯಿಯ ಕಿವಿಗೆ ಬಿತ್ತು. ಏನೂ ಕೇಳದೆ ಮೂರನೆಯ ದಿನ ಊರಿಗೆ ಹೋದಳು. ಆಮೇಲೆ ಗಂಟು ಬರುವುದೂ ನಿಂತಿತು. ಅದರ ಬದಲು ದಿನಾ ರಾತ್ರಿ ಫೋನು ಬರುತ್ತಿತ್ತು, ಒಂದೇ ಪ್ರಶ್ನೆ: "ಇವತ್ತ ಎಷ್ಟು ಉಂಡಿ?" ಇದೊಂದರಲ್ಲಿ ಮನಿಷಾ ನಿಜ ಹೇಳುತ್ತಿದ್ದಳು. "ಅರ್ಧ ಕಟೋರಿ, ಆಯಿ." ಅಷ್ಟು ಕೇಳಿ ತಾಯಿ ಫೋನು ಇಟ್ಟುಬಿಡುತ್ತಿದ್ದಳು.

ಮಳೆಗಾಲ ಮುಗಿಯುವುದರೊಳಗೆ ಮನಿಷಾ ಅರ್ಧವಾದಳು. ಸಕ್ಕರೆ ಇಳಿಯಿತು, ಗುಳಿಗೆ ನಿಂತವು, ಮೊಣಕಾಲು ನೋವು ಹೋಯಿತು. ಇದೆಲ್ಲ ನಿಜ. ಕೂದಲು ಹಿಡಿ ಹಿಡಿಯಾಗಿ ಉದುರಿದ್ದೂ, ತೋಳಿನ ಚರ್ಮ ಜೋತುಬಿದ್ದದ್ದೂ ಅಷ್ಟೇ ನಿಜ. ಸ್ಟಾಫ್ ರೂಮಿನಲ್ಲಿ, "ಏನ್ರಿ ಮೇಡಂ, ಹೀರೋಯಿನ್ ಆಗೀರಲ್ಲರಿ!" ಎಂದು ಹೊಗಳಿದರು. ಅವಳು ಸುಮ್ಮನೆ ನಕ್ಕು, ಹೊರಗೆ ಬಂದು ನನ್ನನ್ನು ಕೇಳಿದಳು: "ಅಂದ್ರ ಹಿಂದಿನಾಕಿ ಅಷ್ಟು ಕೆಟ್ಟಾಕಿ ಇದ್ಲೇನು, ಶೈಲಾ?"

ಮೊದಲು ಗಂಡ ಹೆಂಡತಿ ಸಂಜೆ ಬೈಕಿನಲ್ಲಿ ಹೋಗಿ ಮಿರ್ಚಿ ಭಜಿ ತಿಂದು ಬರುತ್ತಿದ್ದರು. ಅದು ಅವರಿಬ್ಬರ ಏಕೈಕ ಷೋಕಿ. ಈಗ ದತ್ತಾತ್ರಿ ಒಬ್ಬನೇ ತಿಂದು, ಕುಡಿದು ಬಂದವನಂತೆ ಗೇಟಿನ ಹೊರಗೆ ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದ. ಪಾಪ, ಅವನನ್ನು ಬಯ್ಯಲೂ ನನಗೆ ಮನಸ್ಸಾಗಲಿಲ್ಲ.

ಮೊಣಕಾಲು ಸುಧಾರಿಸಿದ ಮೇಲೆ ನಾವು ಬಸ್ಸಿಗೆ ಬದಲಾಗಿದ್ದೆವು. ಡಿಸೆಂಬರಿನಲ್ಲಿ ಒಂದು ದಿನ ಬಸ್ಸು ತಪ್ಪಿತು, ಕ್ರೂಸರ್ ಹತ್ತಿದೆವು. ಬಾಬುಮಿಯಾ ಕನ್ನಡಿಯಲ್ಲಿ ನನ್ನನ್ನು ನೋಡಿ, "ಶೈಲಶ್ರೀ ಮೇಡಂ, ನಿಮ್ಮ ಕೂಡ ಬರ್ತಿದ್ರಲ್ಲರಿ ದೊಡ್ಡ ಮೇಡಂ, ಟ್ರಾನ್ಸ್‌ಫರ್ ಆದ್ರೇನ್ರಿ? ಭಾಳ ಒಳ್ಳೇ ಮನುಷಾರಿದ್ರರಿ" ಎಂದ. ಮನಿಷಾ ನನ್ನ ಪಕ್ಕದಲ್ಲೇ ಕೂತಿದ್ದಳು, ಒಂದೇ ಸೀಟಿನಲ್ಲಿ. "ಹೂಂರಿ, ಹೋದ್ರು" ಎಂದು ಅವಳೇ ಉತ್ತರ ಕೊಟ್ಟು ಕಿಟಕಿಯ ಕಡೆ ತಿರುಗಿದಳು. ಭಾಲ್ಕಿ ಬರುವ ತನಕ ಅವಳ ಮುಖ ನನಗೆ ಕಾಣಲಿಲ್ಲ.

ಡಾಬಕಾಕ್ಕೆ ಮಾತ್ರ ಅವಳು ಹೋಗಲೇ ಇಲ್ಲ. ದಸರೆಗೆ ಪರೀಕ್ಷೆಯ ಪೇಪರ್ ಇವೆ ಎಂದಳು, ದೀಪಾವಳಿಗೆ ಜ್ವರ ಎಂದಳು. ಜನವರಿಯಲ್ಲಿ ತೊಗರಿ ರಾಶಿ ನಡೆದಿದ್ದಾಗ ಅಲ್ಲಿಯ ನೆರೆಮನೆಯ ಪುತಳಾಬಾಯಿ ಫೋನ್ ಮಾಡಿದಳು. ಹುಣ್ಣಿಮೆ ವಂದನೆಗೆ ಬೌದ್ಧ ವಿಹಾರಕ್ಕೆ ಹೋದ ಕೇಶರಬಾಯಿ ಕೂತಲ್ಲೇ ಉರುಳಿದ್ದಳು. "ನಿಮ್ಮಾಯಿ ಉಣ್ಣಲಾರದೇ ಸಾಯ್ಲತ್ತಾಳ ಬಾಯಿ. ದಿನಾ ನಿನಗ ಫೋನ್ ಹಚ್ಚಿ ಕೇಳ್ತಾಳ. ನೀ ಎಷ್ಟು ಉಂಡೇನಿ ಅಂತಿ, ಅಷ್ಟೇ ಉಣ್ತಾಳ. ಮ್ಯಾಲೊಂದು ತುತ್ತು ಹಾಕಿದ್ರ ತಾಟ ಸರಸ್ತಾಳ."

ಮನಿಷಾ ಫೋನು ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಎಂಟು ತಿಂಗಳು ತಾನು ರಾತ್ರಿ ರಾತ್ರಿ ಹೇಳಿದ ಅರ್ಧ ಕಟೋರಿ ತಾಯಿಯ ತಾಟಿಗೆ ಬೀಳುತ್ತಿತ್ತು ಎಂದು ಅವಳಿಗೆ ಆಗ ಗೊತ್ತಾಯಿತು.

"ನಾ ಒಬ್ಬಾಕಿ ಹೋದ್ರ ಮಾತು ಬರಂಗಿಲ್ಲ, ನೀ ಬಾ" ಎಂದಳು ನನಗೆ. ಬಾಬುಮಿಯಾನ ಗಾಡಿ ಮಾಡಿಕೊಂಡು ಔರಾದ ದಾಟಿ ಹೋದೆವು. ದಾರಿಯಲ್ಲಿ ಅವನಿಗೆ ಇವಳೇ ಆ ದೊಡ್ಡ ಮೇಡಂ ಎಂದು ತಿಳಿದು ಸ್ಟೀರಿಂಗ್ ಬಿಟ್ಟು ಕೈ ಮುಗಿಯಹೋದ. ಮುಂದೆ ನೋಡಿ ಗಾಡಿ ಹೊಡಿ ಎಂದು ನಾನು ಗದರಿದೆ.

ಕೇಶರಬಾಯಿ ಗೋಡೆಗೆ ಒರಗಿ ಕೂತಿದ್ದಳು. ಬಿಳಿ ಸೀರೆಯೊಳಗೆ ಎಲುಬಷ್ಟೇ ಉಳಿದಿತ್ತು. ಮಗಳನ್ನು ಕಂಡವಳು ಬಾ ಎನ್ನಲಿಲ್ಲ. ಅಡಿಯಿಂದ ಮುಡಿಯವರೆಗೆ ನೋಡಿ, ಇಷ್ಟು ದಿನ ಅನುಮಾನಪಟ್ಟದ್ದು ಖರೆಯಾಯಿತು ಎಂಬಂತೆ ಕಣ್ಣು ಮುಚ್ಚಿದಳು. ಪುತಳಾಬಾಯಿ ರೊಟ್ಟಿ, ತೊಗರಿಬೇಳೆ ತಂದಿಟ್ಟಳು.

"ಮೊದಲ ಆಕಿ ಉಣ್ಣಲಿ" ಎಂದಳು ಕೇಶರಬಾಯಿ.

ನನಗೆ ತಡೆಯಲಾಗಲಿಲ್ಲ. "ಇದೇನ್ ಹುಚ್ಚ್ ಹಟಾರಿ ಆಯಿ, ಈ ವಯಸ್ಸಿನ್ಯಾಗ?"

"ಹಟ ಅಲ್ಲ ಬಾಯಿ. ನನಗ ಗೊತ್ತದ. ಹರಳಲ್ಲ ಅದು. ನಮ್ಮ ಓಣ್ಯಾಗ ಸಖೂಬಾಯಿಗೂ ಹರಳು ಅಂತೇ ಅಂದಿದ್ರು. ವರ್ಷದಾಗ ಮಣ್ಣು ಮಾಡಿದ್ವಿ. ಮುದುಕಿ ಮುಂದ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ ಅಂತ ಮಾಡೀರಿ. ಆಕಿ ಹೋಗಾಕಿ ಇದ್ದ ಮ್ಯಾಲ ನಾ ಹೊಟ್ಟಿ ತುಂಬ ಉಂಡು ಏನ್ ಮಾಡ್ಲಿ?"

ನಮ್ಮ ಕಡೆ ಹಿರಿಯರಿಗೆ ದೊಡ್ಡ ರೋಗದ ಹೆಸರು ಹೇಳುವುದಿಲ್ಲ, ಸಣ್ಣದೊಂದು ಹೆಸರಿಟ್ಟು ಮುಚ್ಚುತ್ತೇವೆ. ಕೇಶರಬಾಯಿಗೆ ಆ ರೀತಿ ಚೆನ್ನಾಗಿ ಗೊತ್ತಿತ್ತು. ಮನಿಷಾ ತಾಯಿಯ ಕಾಲ ಹತ್ತಿರ ಕೂತು, ಎಲ್ಲವನ್ನೂ ಹೇಳಿದಳು. ಕ್ಯಾನ್ಸರ್ ಇಲ್ಲ, ಹರಳೂ ಇರಲಿಲ್ಲ. ಸಕ್ಕರೆ, ಮೊಣಕಾಲು, ಹೈದರಾಬಾದ್, ಕೊಯ್ದು ತೆಗೆದ ಹೊಟ್ಟೆ.

"ಛಲೋ ಇದ್ದ ಹೊಟ್ಟಿ ಯಾರರ ಕೊಯ್ತಾರೇನು?" ಕೇಶರಬಾಯಿ ನಂಬಲಿಲ್ಲ. ನನ್ನ ಮುಖ ನೋಡಿದಳು, ನಾನು ಹೌದೆಂದು ತಲೆಯಾಡಿಸಿದೆ. ಮನಿಷಾ ಸೆರಗು ಸರಿಸಿ ಸಣ್ಣ ಸಣ್ಣ ಗಾಯದ ಗುರುತು ತೋರಿಸಿದಳು. ತಾಯಿ ಅವುಗಳ ಮೇಲೆ ಬೆರಳಾಡಿಸಿದಳು.

"ಕೊಯ್ದದ್ದು ಎಲ್ಲಿ ಒಗದ್ರು?"

ಮನಿಷಾಗೆ ಗೊತ್ತಿರಲಿಲ್ಲ. ಅವಳು ಕೇಳಿರಲೇ ಇಲ್ಲ.

ಕೇಶರಬಾಯಿ ಗೋಡೆಯ ಕಡೆ ತಿರುಗಿದಳು. ಇನ್ನು ಇವಳು ಉಣ್ಣುವುದಿಲ್ಲ, ಕೆಲಸ ಕೆಟ್ಟಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ತಿರುಗಿ ತಾಟು ಎಳೆದುಕೊಂಡಳು. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಉಣ್ಣತೊಡಗಿದಳು. ಸಿಟ್ಟಿನಿಂದ, ಅಳುತ್ತ, ಬಿಕ್ಕುತ್ತ ಇಡೀ ರೊಟ್ಟಿ ಉಂಡಳು. ಮಗಳು ಸಾಯುವುದಿಲ್ಲ ಎಂದು ಅವಳು ನಂಬಿದ್ದು ನನಗೆ ಅದರಿಂದಲೇ ಗೊತ್ತಾಯಿತು. ನನಗೂ ಅಳು ಬಂತು.

ನೀರು ಕುಡಿದು ಕೇಳಿದಳು: "ಈಗ ಮರುಗ್ತಿ ಏನು?"

"ಮರುಗ್ತೇನಿ ಆಯಿ. ಹಸಿವಿ ಆಗಂಗಿಲ್ಲ, ಉಂಡ್ರ ಖುಷಿ ಇಲ್ಲ. ಕನ್ನಡ್ಯಾಗ ಯಾರೋ ನಿಂತಂಗ ಆಗ್ತದ. ಮತ್ತ ಸಾಲಿ ಮೆಟ್ಟಲ ಹತ್ತುವಾಗ ಕಾಲು ನೋಯಂಗಿಲ್ಲ, ಛಲೋ ಆಯ್ತು ಅನಸ್ತದ. ಎರಡೂ ಕೂಡೇ ಬರ್ತಾವ. ಸಾಕಾಗ್ಯಾದ ನನಗ, ದಣಿದೇನಿ."

"ಎಷ್ಟು ಉಳದದ ಹೊಟ್ಟಿ?"

ಮನಿಷಾ ಬೆರಳಲ್ಲಿ ತೋರಿಸಿದಳು, ಒಂದು ಬಾಳೆಹಣ್ಣಿನಷ್ಟು.

ಕೇಶರಬಾಯಿ ಆ ಬೆರಳುಗಳನ್ನೇ ನೋಡಿದಳು. "ನೀ ಹುಟ್ಟಿದಾಗ ಇದಕ್ಕಿಂತ ಸಣ್ಣದಿತ್ತು. ಆಗೂ ನಾನೇ ತುಂಬಸೀನಿ" ಎಂದಳು. ಎರಡನೆಯ ರೊಟ್ಟಿಯ ಅಂಚು ಬಿಟ್ಟು ನಡುವಿನ ಮೆತ್ತನೆಯ ಭಾಗ ಕಿತ್ತು, ಬೇಳೆಯ ತಿಳಿಯಲ್ಲಿ ನೆನೆಸಿ, ಉಗುರಿನಷ್ಟು ತುತ್ತು ಮಾಡಿ ಮಗಳ ಬಾಯಿಗಿಟ್ಟಳು. ಅದು ಇಳಿಯುವ ತನಕ ಕಾದು ಇನ್ನೊಂದು ಇಟ್ಟಳು. ಅವಸರ ಮಾಡಲಿಲ್ಲ.

ತಿರುಗಿ ಬರುವಾಗ ಮನಿಷಾ ಔರಾದ ದಾಟಿದ ಮೇಲೆ ಬಾಯಿ ಬಿಟ್ಟಳು. "ಆಗ ಅದು ಬೆಳೀಲಿಕ್ಕಿತ್ತು, ಶೈಲಾ. ಈಗ ಬೆಳೆಯಂಗಿಲ್ಲ. ಆಯಿಗೆ ಅದು ಹ್ಯಾಂಗ ಹೇಳ್ಲಿ?" ಸಾಕು, ಒಂದು ದಿನಕ್ಕೆ ಒಂದು ನಿಜ ಸಾಕು ಎಂದೆ ನಾನು.

ಮುಂದಿನ ಭಾನುವಾರ ಔರಾದ ಬಸ್ಸಿನಲ್ಲಿ ಗಂಟು ಬಂತು. ಅದೇ ಬಟ್ಟೆ. ಆದರೆ ಬಟ್ಟೆಯ ತುದಿಗಳು ಮೊಲದ ಕಿವಿಯಂತೆ ಉದ್ದಕ್ಕೆ ಇಳಿಬಿದ್ದಿದ್ದವು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬಿಚ್ಚಿದೆವು. ಅಂಗೈಯಗಲದ ಪುಟ್ಟ ರೊಟ್ಟಿಗಳು. ಜೀವಮಾನವೆಲ್ಲ ತಟ್ಟೆಯಗಲದ ರೊಟ್ಟಿ ತಟ್ಟಿದ ಕೈ ಇವುಗಳನ್ನು ತಟ್ಟಲು ಹೊಸದಾಗಿ ಕಲಿತಿರಬೇಕು. ಮನಿಷಾ ಒಂದನ್ನು ತೆಗೆದುಕೊಂಡು ಮೆಲ್ಲಗೆ ಅಗಿದಳು. ಎರಡು ಬಸ್ಸು ಹೋದವು. ಅರ್ಧ ಹೋಯಿತು, ಮುಂದೆ ಇಳಿಯಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಹಳೆಯದೇ ಪ್ರಶ್ನೆ.

ಮನಿಷಾ ಕೈಯಲ್ಲಿದ್ದ ಚೂರು ನೋಡಿದಳು. ಅವಳು ಸುಳ್ಳು ಹೇಳಿಬಿಡಲಿ ಎಂದು ನನಗನಿಸಿತು. "ಅರ್ಧ, ಆಯಿ" ಎಂದಳು. "ಸಣ್ಣದರಾಗ ಅರ್ಧ."

ಆ ಕಡೆಯಿಂದ ಕೇಶರಬಾಯಿಯ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿ ಬಂತು.

"ಆಗಲಿ. ನಾ ಎರಡು ಉಂಡೇನಿ. ಒಂದು ನಂದು, ಒಂದು ನಿಂದು."