ಅವ್ವನ ಮಡಿ ಸೀರೆಗೆ ಕತ್ತರಿ

ಕಳೆದ ಭಾನುವಾರ ನಮ್ಮ ಮನೆಗೆ ಒಂದು ಸೀರೆ ಛತ್ರಿಯ ತುದಿಗೆ ನೇತಾಡುತ್ತ ಬಂತು.

ತಂದವರು ರಹಮತ್‌ಬಿ. ರಾಯಚೂರಿನ ನಮ್ಮ ಓಣಿಯ ಹಿಂದೆಯೇ ಅವರ ಮನೆ, ಕೌದಿ ಹೊಲಿಯುವುದು ಕಸುಬು. ಒಂದು ಬಗಲಲ್ಲಿ ಹೊಲಿದು ಮುಗಿಸಿದ ಕೌದಿ. ಇನ್ನೊಂದು ಕೈಯಲ್ಲಿ ಮಡಚಿದ ಛತ್ರಿ, ಅದರ ತುದಿಗೆ ಹೊಸ ಕ್ಯಾರಿಬ್ಯಾಗು, ಅದರೊಳಗೆ ನಮ್ಮವ್ವನ ಸೀರೆ. (ಡಿಸೆಂಬರಿನಲ್ಲಿ ಛತ್ರಿ ಯಾಕೆ ಎಂದು ಕೇಳುವವರು ರಾಯಚೂರಿನ ಬಿಸಿಲು ಕಂಡಿಲ್ಲ ಎಂದೇ ಅರ್ಥ.)

"ಜ್ವಾಕಿ ಅಂದಿದ್ರಲ್ರೀ ಅಕ್ಕೋರೆ, ಕೈನೂ ಹಚ್ಚಿಲ್ರಿ," ಎಂದರು, ಪರೀಕ್ಷೆ ಪಾಸಾದವರ ಮುಖ ಮಾಡಿಕೊಂಡು.

ನಾನು ಹಣೆ ಹಣೆ ಬಡಿದುಕೊಳ್ಳುವುದೊಂದು ಬಾಕಿ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅವ್ವ ಹೋದ ವರ್ಷ ತೀರಿಕೊಂಡಳು. ಮಾನ್ವಿಯ ಮನೆ ಖಾಲಿ ಮಾಡಿ ಅಪ್ಪನನ್ನು ಇಲ್ಲಿಗೆ ಕರೆತಂದಾಗ ಅವ್ವನ ಸೀರೆಗಳ ಟ್ರಂಕೂ ಜೊತೆಗೆ ಬಂತು. ಏನು ಮಾಡುವುದು? ಉಡೋಣವೆಂದರೆ ನನಗೆ ಕಚ್ಚೆ ಹಾಕಲು ಬರುವುದಿಲ್ಲ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬಾಗಿಲಿಗೇ ಬಂದಳು. ಅವ್ವನನ್ನು ಕೊಟ್ಟು ಒಂದು ಡಬರಿ ತಗೊಳ್ಳಲೇ? ಕೊನೆಗೆ ಸ್ಟಾಫ್ ರೂಮಿನಲ್ಲಿ ಗೆಳತಿಯೊಬ್ಬಳು ಮೊಬೈಲ್ ತೋರಿಸಿದಳು. ತೀರಿಕೊಂಡವರ ಬಟ್ಟೆಯಿಂದ ಹೊದಿಕೆ ಮಾಡುತ್ತಾರಂತೆ, ಅದರ ಹೆಸರು ಮೆಮೊರಿ ಕ್ವಿಲ್ಟ್ ಅಂತೆ. ಅಯ್ಯ, ಇದು ನಮ್ಮ ಕೌದಿ ಅಲ್ಲವೇ? ಇಂಗ್ಲಿಷಿನಲ್ಲಿ ಹೇಳುವವರೆಗೂ ನಮ್ಮ ತಲೆಗೆ ಹೊಳೆಯುವುದಿಲ್ಲ ನೋಡಿ.

ಸೀರೆಗಳನ್ನೆಲ್ಲ ರಹಮತ್‌ಬಿಗೆ ಒಯ್ದು ಕೊಟ್ಟೆ. ಎಲ್ಲಕ್ಕಿಂತ ಮೇಲೆ ಅರಿಶಿನ ಬಣ್ಣದ ಹಳೆಯ ರೇಷ್ಮೆ ಸೀರೆ ಇಟ್ಟು, "ಇದು ಅವ್ವನ ಮಡಿ ಸೀರಿ, ಜ್ವಾಕಿರೀ" ಎಂದೆ. ಕೌದಿಯ ನಟ್ಟನಡುವೆ ಅದೇ ಬರಲಿ ಎನ್ನುವುದು ನನ್ನ ಮನಸ್ಸಿನಲ್ಲೇ ಉಳಿಯಿತು. ರಹಮತ್‌ಬಿ ಬೆಳೆದದ್ದು ಮಾನ್ವಿಯಲ್ಲಿ, ನಮ್ಮಂಥವರ ಮನೆಗಳ ಪಕ್ಕದಲ್ಲಿ. ಮಡಿ ಅಂದರೆ ಮುಟ್ಟಬಾರದು ಎನ್ನುವುದು ಚಿಕ್ಕಂದಿನಿಂದ ಗೊತ್ತು. ಹಾಗಾಗಿ ಉಳಿದ ಸೀರೆಗಳನ್ನಷ್ಟೇ ಹೊಲಿದು, ಇದನ್ನು ಛತ್ರಿಯಿಂದಲೇ ಎತ್ತಿ ಚೀಲಕ್ಕೆ ಇಳಿಸಿದ್ದರು.

ನನಗೆ ಬೇಕಾಗಿದ್ದು ಅದೊಂದೇ ಸೀರೆ!

ಅಪ್ಪ ಗುಡಿಯ ಪೂಜೆಯವರು. ಹಾಗಾಗಿ ಬೆಳಗಾದರೆ ಅವ್ವನಿಗೆ ಮಡಿ. ಗಳದ ಮೇಲೆ ಒಣಗಿದ ಆ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟಳೆಂದರೆ ನೈವೇದ್ಯ ಮುಗಿಯುವವರೆಗೂ ನಾವು ಮಕ್ಕಳು ದೂರ, ಅಪ್ಪ ತಪ್ಪಿ ತಾಕಿದರೂ ಬೈಗುಳ. "ಮುಟ್ಟಬ್ಯಾಡ, ಮಡಿಯಾಗಿದ್ದೀನಿ." ಅವ್ವ ನನ್ನ ಜೊತೆ ಅತಿ ಹೆಚ್ಚು ಆಡಿದ ಮಾತೇ ಇದು. ಬಿದ್ದು ಮೊಣಕಾಲು ತರಚಿಕೊಂಡು ಬಂದರೂ ಅಡುಗೆಮನೆಯೊಳಗಿಂದಲೇ ಸಮಾಧಾನ. ಪ್ರೀತಿ ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೂ ಆ ಹೊತ್ತಿನಲ್ಲಿ ಅವಳ ಸೊಂಟಕ್ಕೆ ಜೋತುಬೀಳಬೇಕೆಂಬ ಆಸೆ ಹಾಗೇ ಉಳಿದುಬಿಟ್ಟಿತು. ಈ ವಯಸ್ಸಿನಲ್ಲೂ ಉಳಿದಿದೆ.

"ಇದನ್ನ ಕೌದಿ ನಡುವ ಹಚ್ಚಬೇಕ್ರಿ," ಎಂದೆ.

ರಹಮತ್‌ಬಿ ಒಳಗೆ ಪೇಪರ್ ಓದುತ್ತಿದ್ದ ಅಪ್ಪನ ಕಡೆ ನೋಡಿದರು. "ಕತ್ರಿ ಹಾಕಬೇಕಾಗತದ್ರಿ ಅಕ್ಕೋರೆ. ಮದ್ಲ ಆಚಾರ್ರು ಹೂಂ ಅನ್ಲಿ. ಆಮ್ಯಾಲ ಮುಟ್ತೀನ್ರಿ."

ಅಪ್ಪ ಇವತ್ತಿಗೂ ಹೋಟೆಲಿನ ನೀರು ಕುಡಿದವರಲ್ಲ. ಬೇಡ ಅಂದರೆ ಮುಗಿಯಿತು, ಆ ಮಾತು ಮೀರುವ ಧೈರ್ಯ ನನಗಿಲ್ಲ.

ಅಪ್ಪ ಎದ್ದು ಬಂದರು. ಛತ್ರಿ ನೋಡಿದರು, ಚೀಲ ನೋಡಿದರು, ನಕ್ಕುಬಿಟ್ಟರು.

"ಛತ್ರಿ ಯಾಕ ತಂಗಿ? ಮಡಿ ಇದ್ದದ್ದು ಆಕಿಗೆ. ಆಕೀನೇ ಹೋದ ಮ್ಯಾಲ ಸೀರಿಗೆಂಥಾ ಮಡಿ? ನೀ ಆ ಕಡಿ ಹಿಡಿ, ನಾ ಈ ಕಡಿ ಹಿಡೀತೀನಿ."

ಅಪ್ಪ ಒಂದು ತುದಿ, ರಹಮತ್‌ಬಿ ಒಂದು ತುದಿ. ಕತ್ತರಿ ನನ್ನ ಕೈಗೆ ಬಂತು. ಅಳುತ್ತಲೇ ಕತ್ತರಿಸಿದೆ. ಆಮೇಲೆ ರಹಮತ್‌ಬಿ ನಮ್ಮ ಪಡಸಾಲೆಯಲ್ಲೇ ಕೂತು, ಅವ್ವನ ದಿನಬಳಕೆಯ ಸೀರೆಗಳ ನಡುವೆ ಅರಿಶಿನ ಬಣ್ಣದ ಚೌಕ ಹಚ್ಚಿ ಹೊಲಿದರು. ಅದಕ್ಕೆ ಮುಖ ಒತ್ತಿದೆ. ಹಾಯೆನಿಸಿತು.

ನೀವೂ ಅಲ್ಮೇರಾದಲ್ಲಿ ನುಸಿಗುಳಿಗೆ ಹಾಕಿ ಯಾರದೋ ಸೀರೆ, ಯಾರದೋ ಶರ್ಟು ಇಟ್ಟಿದ್ದೀರಲ್ಲ? ಮುಟ್ಟದೆ ಇಡುವುದೇ ಜ್ವಾಕಿ ಅಂತ ಅಂದುಕೊಂಡದ್ದು ರಹಮತ್‌ಬಿ ಒಬ್ಬರೇನಾ? ತೆಗೆಯಿರಿ ಹೊರಗೆ. ಹೊಲಿಸಿ, ಹೊದೆಯಿರಿ, ಮಕ್ಕಳು ಅದರ ಮೇಲೆ ಚಹಾ ಚೆಲ್ಲಲಿ.

ಅಂದಹಾಗೆ, ಕೌದಿ ನನ್ನ ಕೈಗೆ ಸಿಗುತ್ತಿಲ್ಲ. ನಿನ್ನೆ ಶಾಲೆಯಿಂದ ಬಂದು ಸ್ವಲ್ಪ ನನಗೂ ಕೊಡಿ ಎಂದರೆ, ಅಪ್ಪ ಅದನ್ನು ಕುತ್ತಿಗೆಯವರೆಗೂ ಎಳೆದುಕೊಂಡರು.

"ಬೆಳಗಿನಿಂದ ಹೊಚ್ಚಿಕೊಂಡು ಕೂತೀನಿ, ನಿಮ್ಮವ್ವ ಇನ್ನೂ ಬೈದಿಲ್ಲ ನೋಡು."